ಮೂಗಿನ ಪೈಪಿನಿಂದ ಬಾಯಿಯ ತುತ್ತಿಗೆ: ಅವಸರ ಬೇಡ, ಬಲವಂತ ಬೇಡ!

ನಂಜನಗೂಡಿನಿಂದ ಮೈಸೂರಿಗೆ ಬರುವ ಬೆಳಗಿನ ಬಸ್ಸು. ಕಾಲಿಡಲೂ ಜಾಗವಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಒಬ್ಬ ತಾಯಿ, ಆಕೆಯ ತೊಡೆಯ ಮೇಲೆ ವರ್ಷ ತುಂಬದ ಕೂಸು. ಕೂಸಿನ ಮೂಗಿನಿಂದ ಹೊರಗೆ ಬಂದ ಸಣ್ಣ ಪೈಪೊಂದು ಕೆನ್ನೆಯ ಮೇಲೆ ಪ್ಲಾಸ್ಟರಿನಿಂದ ಅಂಟಿಕೊಂಡಿದೆ. ಅಷ್ಟೇ ಸಾಕು, ಬಸ್ಸಿನಲ್ಲಿದ್ದವರೆಲ್ಲ ಡಾಕ್ಟರುಗಳೇ!

"ಏನವ್ವಾ ಇದು, ಕೂಸಿನ ಮೂಗಿಗೆ ಪೈಪು?" ಎಂದು ಪಕ್ಕದ ಅಜ್ಜಿ ಕೇಳುತ್ತಾರೆ.

"ಬಾಯಲ್ಲಿ ಕುಡಿಯಕ್ಕೆ ಬರಲ್ಲ ಅಜ್ಜಿ. ಹಾಲು ಇದ್ರಲ್ಲೇ ಹಾಕ್ಬೇಕು."

"ಅಯ್ಯೋ ನನ್ನ ಕಂದಾ! ಕಿತ್ತಾಕವ್ವ ಅದ್ನ. ಎರಡು ದಿನ ಹಸಿದ್ರೆ ತಾನೇ ಬಾಯಿ ಬಿಡ್ತದೆ. ನಾವೇನು ಮಕ್ಕಳ ಸಾಕಿಲ್ವಾ?"

ಹಿಂದಿನ ಸೀಟಿನ ಯಜಮಾನರು ಆಗಲೇ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ್ದಾರೆ. "ತಗೊಳಮ್ಮ, ಒಂದು ಚೂರು ಬಾಯಿಗಿಡು, ಏನೂ ಆಗಲ್ಲ" ಎಂದು ಕೈ ಚಾಚುತ್ತಾರೆ. ತಾಯಿ ಮಾತಾಡುವುದಿಲ್ಲ. ಸೆರಗೆಳೆದು ಕೂಸಿನ ಮುಖ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗುತ್ತಾಳೆ.

ಇದು ಒಂದು ಬಸ್ಸಿನ ಕಥೆಯಲ್ಲ. ದೊಡ್ಡಾಸ್ಪತ್ರೆಯ ದಾರಿಯಲ್ಲಿ ಓಡುವ ಯಾವ ಬಸ್ಸಿನಲ್ಲಾದರೂ ಕಾಣಬಹುದಾದ ನೋಟ. ಅಜ್ಜಿ ಕೆಟ್ಟವರಲ್ಲ, ಯಜಮಾನರೂ ಕೆಟ್ಟವರಲ್ಲ. ಕರುಳು ಚುರ್ ಎಂದೇ ಇಬ್ಬರೂ ಬಾಯಿ ಬಿಟ್ಟದ್ದು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವೂ ಇದೆ. ಆದರೆ ಉಳಿದರ್ಧ ತಿಳಿಯದೆ ಆ ಮಾತು ಕೇಳಿದರೆ ಕೂಸಿನ ಜೀವಕ್ಕೇ ಸಂಚಕಾರ ಬಂದೀತು. ಆ ಉಳಿದರ್ಧವನ್ನು ಬಸ್ಸಿನಲ್ಲಿ ಓಡಾಡುವವರೂ ಅಂಗಡಿಯಲ್ಲಿ ಕೂತವರೂ ತಿಳಿದುಕೊಂಡರೆ ಇಂಥ ಎಷ್ಟೋ ತಾಯಂದಿರ ಎದೆಭಾರ ಇಳಿದೀತು.

ಪೈಪು ಹಾಕಿದ್ದೇಕೆ?

ಹಾಲು ಕುಡಿಯುವುದು ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಪೂರ್ತಿ ನಿಜವಲ್ಲ. ಒಂದು ಗುಟುಕು ಹಾಲು ಒಳಗೆ ಹೋಗಬೇಕಾದರೆ ಕೂಸು ಮೂರು ಕೆಲಸ ಒಟ್ಟಿಗೆ ಮಾಡಬೇಕು: ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಗಂಟಲಲ್ಲಿ ಅನ್ನನಾಳ, ಶ್ವಾಸನಾಳ ಎರಡರ ಬಾಯಿಯೂ ಅಕ್ಕಪಕ್ಕ. ನುಂಗುವಾಗ ಉಸಿರಿನ ಬಾಗಿಲು ಮುಚ್ಚಬೇಕು, ನುಂಗಿದ ಮೇಲೆ ತೆರೆಯಬೇಕು. ಈ ಲೆಕ್ಕ ಒಂದು ಕ್ಷಣ ತಪ್ಪಿದರೂ ಹಾಲು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗುತ್ತದೆ.

ತಾಯಿಯ ಹೊಟ್ಟೆಯಲ್ಲಿ ಮಗು ತುಂಬು ದಿನ ಅಂದರೆ ಸುಮಾರು 40 ವಾರ ಇರಬೇಕು. ಈ ಮೂರು ಕೆಲಸಗಳ ಹೊಂದಾಣಿಕೆ ಬರುವುದು ಸುಮಾರು 34ನೇ ವಾರದ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಕೂಸಿಗೆ ಚೀಪಲು ಬಂದರೂ ಉಸಿರಿನ ಲೆಕ್ಕ ಬಂದಿರುವುದಿಲ್ಲ. ಆದ್ದರಿಂದ ಏಳು ತಿಂಗಳಿಗೇ ಹುಟ್ಟಿದ ಕೂಸಿಗೆ ಮೂಗಿನಿಂದಲೋ ಬಾಯಿಯಿಂದಲೋ ಹೊಟ್ಟೆಯವರೆಗೆ ಸಣ್ಣ ಪೈಪು ಇಳಿಸಿ, ತಾಯಿಯ ಹಾಲನ್ನೇ ಹಿಂಡಿ ಸಿರಿಂಜಿನ ಮೂಲಕ ಬಿಡುತ್ತಾರೆ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಮಾತ್ರವಲ್ಲ. ಹೃದಯದ ತೊಂದರೆಯಿಂದ ನಾಲ್ಕು ಗುಟುಕಿಗೇ ಬೆವತು ಸುಸ್ತಾಗುವ ಮಕ್ಕಳಿದ್ದಾರೆ. ಹುಟ್ಟುವಾಗಲೇ ಅನ್ನನಾಳ ಕೂಡಿಕೊಳ್ಳದೆ ಆಪರೇಷನ್ ಆದ ಮಕ್ಕಳಿದ್ದಾರೆ. ಮೆದುಳಿಗೆ ಪೆಟ್ಟಾಗಿ ನಾಲಿಗೆ, ಗಂಟಲು ಹಿಡಿತಕ್ಕೆ ಸಿಗದ ಮಕ್ಕಳಿದ್ದಾರೆ. ಇವರಿಗೆಲ್ಲ ಆ ಪೈಪೇ ಕೆಲಕಾಲದ ಅನ್ನದಾತ. ಅದನ್ನು ಕಂಡು ಮರುಕಪಡುವುದಕ್ಕಿಂತ ಅದು ಜೀವ ಉಳಿಸಿದೆ ಎನ್ನುವುದನ್ನು ಮೊದಲು ತಿಳಿಯಬೇಕು.

ಅಜ್ಜಿಯ ಒಳಲೆ ಆಸ್ಪತ್ರೆಯಲ್ಲೂ ಉಂಟು

ಹಾಗಾದರೆ ಪೈಪು ಬಿಡಿಸುವುದು ಹೇಗೆ? ಬೇಗ ಹುಟ್ಟಿದ ಕೂಸಿನ ಮಟ್ಟಿಗೆ ಇದು ಮೆಟ್ಟಿಲು ಹತ್ತಿದ ಹಾಗೆ. ನಮ್ಮ ದೇಶದ ಮಕ್ಕಳ ವೈದ್ಯರು ಪಾಲಿಸುವ ಕ್ರಮ ಸ್ಥೂಲವಾಗಿ ಹೀಗಿದೆ. 32 ವಾರಕ್ಕೆ ಮುಂಚೆ ಹುಟ್ಟಿದರೆ ಪೈಪು. 32ರಿಂದ 34 ವಾರದೊಳಗೆ ಚಮಚ ಅಥವಾ ಒಳಲೆ. 34 ದಾಟಿದರೆ ತಾಯಿಯ ಎದೆ. ಕೂಸು ಬೆಳೆದಂತೆ ಒಂದೊಂದೇ ಮೆಟ್ಟಿಲು ಮೇಲೆ ಬರುತ್ತದೆ. ವಾರದ ಲೆಕ್ಕಕ್ಕಿಂತಲೂ ಆ ಕೂಸಿನ ಉಸಿರು, ಎಚ್ಚರ, ತಾಕತ್ತು ನೋಡಿ ನಿರ್ಧಾರವಾಗುತ್ತದೆ.

ಹೌದು, ಅದೇ ಒಳಲೆ! ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಬೆಳ್ಳಿಯದೋ ಸ್ಟೀಲಿನದೋ ಇಟ್ಟುಕೊಂಡಿದ್ದ, ಮೂತಿ ಚಾಚಿದ ಪುಟ್ಟ ಪಾತ್ರೆ. ನರ್ಸುಗಳು ಅದನ್ನು ತಮಿಳಿನ ಹೆಸರಿನಲ್ಲಿ ಪಲಡೈ ಎನ್ನುತ್ತಾರೆ. ರಬ್ಬರ್ ನಿಪ್ಪಲಿನ ಬಾಟಲಿಗಿಂತ ತೊಳೆಯಲು, ಕುದಿಸಲು ಸುಲಭ ಎಂದು ಆಸ್ಪತ್ರೆಗಳೇ ಇದನ್ನು ಒಪ್ಪಿಕೊಂಡಿವೆ.

ಆದರೆ ವ್ಯತ್ಯಾಸ ಇಲ್ಲಿದೆ ನೋಡಿ. ಆಸ್ಪತ್ರೆಯಲ್ಲಿ ಕೂಸಿನ ತಲೆ ಎತ್ತಿ ಹಿಡಿದು, ಕೂಸು ಎಚ್ಚರವಾಗಿರುವಾಗ, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಒಂದೊಂದೇ ಗುಟುಕು ಬಿಡುತ್ತಾರೆ. ನುಂಗಿ ಉಸಿರಾಡಿದ ಮೇಲೆ ಇನ್ನೊಂದು. ಹಳೆಯ ಕಾಲದಲ್ಲಿ ಕೆಲವು ಮನೆಗಳಲ್ಲಿ ಮಾಡುತ್ತಿದ್ದಂತೆ ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಮೂಗು ಹಿಡಿದು ಸುರಿಯುವುದಿಲ್ಲ. ಪಾತ್ರೆ ಒಂದೇ. ಒಂದು ಕೈಯಲ್ಲಿ ಅದು ಪಾಠ ಕಲಿಸುತ್ತದೆ, ಇನ್ನೊಂದು ಕೈಯಲ್ಲಿ ನ್ಯುಮೋನಿಯಾ ತರುತ್ತದೆ.

ಪೈಪಿನಲ್ಲಿ ಹಾಲು ಹೋಗುತ್ತಿರುವಾಗಲೇ ಕೂಸನ್ನು ತಾಯಿಯ ಎದೆಗೆ ಹಚ್ಚಿ, ಹಿಂಡಿ ಖಾಲಿ ಮಾಡಿದ ಮೊಲೆಯನ್ನು ಚೀಪಲು ಬಿಡುವ ಪದ್ಧತಿಯೂ ಇದೆ. ಬಾಯಿಗೆ ಕೆಲಸ, ಹೊಟ್ಟೆಗೆ ಹಾಲು. ಎರಡೂ ಒಟ್ಟಿಗೆ ನಡೆದಾಗ 'ಚೀಪಿದರೆ ಹೊಟ್ಟೆ ತುಂಬುತ್ತದೆ' ಎಂಬ ನಂಟು ಕೂಸಿನ ತಲೆಯಲ್ಲಿ ಕೂರುತ್ತದೆ. ಹೀಗೆ ಚೀಪಲು ಬಿಟ್ಟ ಮಕ್ಕಳು ಬೇಗ ಪೈಪು ಬಿಟ್ಟು ಬೇಗ ಮನೆಗೆ ಹೋಗುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ.

ಇದರ ಜೊತೆಗೆ ಕಾಂಗರೂ ಆರೈಕೆ. ತಾಯಿಯ ಬರಿ ಎದೆಗೆ ಬರಿ ಮೈಯ ಕೂಸನ್ನು ನೆಟ್ಟಗೆ ಕಟ್ಟಿಕೊಳ್ಳುವುದು. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸಬೇಕಾಗಿ ಬಂದಾಗ, ಡಾ. ಎಡ್ಗರ್ ರೇ ಎಂಬ ವೈದ್ಯರು ಇದನ್ನು ಶುರುಮಾಡಿದರು. ಬಡತನ ಕಲಿಸಿದ ಈ ಉಪಾಯವನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಲ್ಲ ದೇಶಗಳಿಗೂ ಹೇಳುತ್ತಿದೆ. ಕೂಸು ಬೆಚ್ಚಗಿರುತ್ತದೆ, ತಾಯಿಗೆ ಹಾಲು ಇಳಿಯುತ್ತದೆ, ಮೊಲೆಯ ವಾಸನೆ ಹಿಡಿದು ಕೂಸೇ ಬಾಯಿ ಚಾಚುತ್ತದೆ. ಅಪ್ಪನೂ ಎದೆಗೆ ಕಟ್ಟಿಕೊಳ್ಳಬಹುದು, ನಾಚಿಕೆ ಬೇಡ.

ತಿಂಗಳುಗಟ್ಟಲೆ ಪೈಪು ಉಳಿದರೆ

ಕಷ್ಟ ಇರುವುದು ಇಲ್ಲಿ. ಕೆಲವು ಮಕ್ಕಳಿಗೆ ಪೈಪು ಆರು ತಿಂಗಳು, ವರ್ಷ, ಎರಡು ವರ್ಷ ಉಳಿಯುತ್ತದೆ. ದೀರ್ಘಕಾಲ ಬೇಕಾದವರಿಗೆ ಮೂಗಿನ ಪೈಪಿನ ಬದಲು ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ನೇರವಾಗಿ ಜಠರಕ್ಕೇ ಕೊಳವೆ ಕೂರಿಸುವುದೂ ಉಂಟು. ಹೊಟ್ಟೆ ಕೊಯ್ಯದೆ ದುರ್ಬೀನಿನ ಸಹಾಯದಿಂದ ಇದನ್ನು ಮೊದಲ ಬಾರಿ ಮಾಡಿದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ, ಒಂದು ಎಳೆಗೂಸಿಗೇ.

ಆಪರೇಷನ್ ಆಯಿತು, ಹೃದಯ ಸರಿಹೋಯಿತು, ಡಾಕ್ಟರು "ಇನ್ನು ಬಾಯಲ್ಲಿ ಕೊಡಬಹುದು" ಎಂದರು. ಮನೆಯವರಿಗೆ ಹಬ್ಬ! ಆದರೆ ಚಮಚ ಕಂಡ ಕೂಡಲೇ ಮಗು ಮುಖ ತಿರುಗಿಸುತ್ತದೆ. ತುಟಿಗೆ ಅನ್ನ ತಾಗಿದರೆ ಓಕರಿಸುತ್ತದೆ. ಅತ್ತೆ ಸೊಸೆಯನ್ನು ದೂರುತ್ತಾರೆ, "ನಿಂಗೆ ತಿನ್ಸಕ್ಕೆ ಬರಲ್ಲ." ಸೊಸೆ ಮಗುವಿನ ಮೇಲೆ ರೇಗುತ್ತಾಳೆ. ಮಗುವಿಗೆ ಹಟ ಎಂಬ ಹೆಸರು ಬರುತ್ತದೆ.

ಹಟವಲ್ಲ ಅದು. ಆ ಮಗುವಿನ ಬದುಕನ್ನೊಮ್ಮೆ ನೆನೆಸಿಕೊಳ್ಳಿ. ಹುಟ್ಟಿದಾಗಿನಿಂದ ಅದರ ಮುಖದ ಹತ್ತಿರ ಬಂದದ್ದೆಲ್ಲ ನೋವೇ. ಕಫ ಎಳೆಯುವ ಕೊಳವೆ, ಗಂಟಲಿಗೆ ಇಳಿಯುವ ಪೈಪು, ಚರ್ಮ ಕಿತ್ತು ಬರುವ ಪ್ಲಾಸ್ಟರು. ಚಮಚವೂ ಅಂಥದ್ದೇ ಇನ್ನೊಂದು ಎಂದು ಅದು ತಿಳಿದರೆ ತಪ್ಪೇನು?

ಇನ್ನೊಂದು ಕಾರಣವೂ ಇದೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್ 1964ರಲ್ಲೇ ಒಂದು ಸಂಗತಿ ಬರೆದರು. ಜಗಿಯುವುದನ್ನು ಕಲಿಯಲು ಮಗುವಿಗೆ ಒಂದು ಹದವಾದ ಕಾಲ ಇದೆ, ಸುಮಾರು ಆರೇಳು ತಿಂಗಳಿನದು. ಆಗ ಗಟ್ಟಿ ಆಹಾರದ ಪರಿಚಯವಾಗದಿದ್ದರೆ ಮುಂದೆ ಕಲಿಸುವುದು ಬಲು ಕಷ್ಟ ಎಂದು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದ ತಪ್ಪಿದ ಮೇಲೆ ಬಿತ್ತಿದರೂ ಬೆಳೆ ಬರಬಹುದು, ಆದರೆ ದುಡಿಮೆ ಎರಡರಷ್ಟು. ಆದ್ದರಿಂದಲೇ ಪೈಪು ಇರುವಾಗಲೂ ಬಾಯಿಯನ್ನು ಮರೆಯಬಾರದು.

ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು

ಈ ಗಾದೆಯಲ್ಲೇ ಪೈಪು ಬಿಡಿಸುವ ಅರ್ಧ ಗುಟ್ಟು ಅಡಗಿದೆ. ಮೂರು ಮೂರು ಗಂಟೆಗೆ ಪೈಪಿನಲ್ಲಿ ಹಾಲು ಹೋಗುತ್ತಿದ್ದರೆ ಮಗುವಿಗೆ ಹಸಿವು ಎಂದರೇನೆಂದೇ ಗೊತ್ತಿರುವುದಿಲ್ಲ. ಹಸಿಯದ ಮಗು ಏಕೆ ತಿಂದೀತು? ಬಸ್ಸಿನ ಅಜ್ಜಿ ಹೇಳಿದ ಅರ್ಧ ಸತ್ಯ ಇದೇ.

ಉಳಿದರ್ಧ ಹೀಗಿದೆ. ಹಸಿವನ್ನು ಅಳತೆ ಮಾಡಿ ತರಿಸಬೇಕು. ಮಗು ಸುರಕ್ಷಿತವಾಗಿ ನುಂಗಬಲ್ಲದು ಎಂದು ತಜ್ಞರು ನೋಡಿ ಹೇಳಿದ ಮೇಲೆ, ಪೈಪಿನ ಹಾಲನ್ನು ವೈದ್ಯರೇ ಲೆಕ್ಕಹಾಕಿ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಒಂದು ಹೊತ್ತಿನದನ್ನು ತಡ ಮಾಡುತ್ತಾರೆ, ಇನ್ನೊಂದು ಹೊತ್ತಿನದನ್ನು ಕಡಿಮೆ ಮಾಡುತ್ತಾರೆ. ತೂಕ ನೋಡುತ್ತಾರೆ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ವಿಚಾರಿಸುತ್ತಾರೆ. ತೂಕ ಕೊಂಚ ಇಳಿದರೂ ಎಷ್ಟರವರೆಗೆ ಸಹಿಸಬಹುದು ಎಂಬುದು ಅವರಿಗೆ ಗೊತ್ತು. ಮನೆಯಲ್ಲಿ ನಾವೇ ಪೈಪು ಕಿತ್ತು ಉಪವಾಸ ಕೆಡವಿದರೆ ನುಂಗಲು ಬಾರದ ಕೂಸು ನೀರಿಲ್ಲದೆ ಬತ್ತಿಹೋಗುತ್ತದೆ.

ಆಸ್ಟ್ರಿಯಾ ದೇಶದ ಗ್ರಾಝ್ ನಗರದ ಮಕ್ಕಳ ಆಸ್ಪತ್ರೆ ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಸರುವಾಸಿ. ಅಲ್ಲಿನ ವೈದ್ಯರು ಪೈಪಿನ ಆಹಾರವನ್ನು ಬೇಗನೆ ಇಳಿಸಿ, ಮಗುವನ್ನು ದಿನವೂ ಕಣ್ಣಿಟ್ಟು ನೋಡುತ್ತಾರೆ. ಅದರ ಜೊತೆಗೊಂದು ತಮಾಷೆಯ ಕ್ರಮ: ಮಕ್ಕಳನ್ನೆಲ್ಲ ನೆಲದ ಮೇಲೆ ಬಿಟ್ಟು ಸುತ್ತ ಬಗೆಬಗೆಯ ತಿಂಡಿ ಇಡುತ್ತಾರೆ. ಯಾರೂ "ತಿನ್ನು" ಎನ್ನುವ ಹಾಗಿಲ್ಲ. ಮಗು ಮುಟ್ಟಲಿ, ಹಿಸುಕಲಿ, ಮೈಗೆ ಬಳಿದುಕೊಳ್ಳಲಿ, ಪಕ್ಕದ ಮಗುವಿನ ಬಾಯಿಗೆ ತುರುಕಲು ಹೋಗಲಿ. ಒಂದು ದಿನ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಬೇರೆ ಅನೇಕ ಆಸ್ಪತ್ರೆಗಳಲ್ಲಿ ಇದೇ ಕೆಲಸ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತದೆ. ದಾರಿ ಬೇರೆಯಾದರೂ ಎಲ್ಲರೂ ಒಪ್ಪುವ ಮಾತು ಒಂದೇ: ಬಲವಂತ ಕೂಡದು.

ನೆತ್ತಿ ಹತ್ತಿದರೆ ಹುಷಾರು

ಯಜಮಾನರ ಬಿಸ್ಕತ್ತಿನಲ್ಲೂ ಅರ್ಧ ಸತ್ಯವಿತ್ತು. ಬಾಯಿಗೆ ರುಚಿ ಹತ್ತಬೇಕು, ನಿಜ. ಆದರೆ ಯಾವ ರುಚಿ, ಎಷ್ಟು ತೆಳು, ಎಷ್ಟು ಗಟ್ಟಿ ಎಂಬುದು ಪ್ರತಿ ಮಗುವಿಗೂ ಬೇರೆ. ಕೆಲವು ಮಕ್ಕಳಿಗೆ ನೀರಿನಂಥದ್ದೇ ಅಪಾಯ, ಮಂದವಾದದ್ದು ಸಲೀಸು. ಕೆಲವರಿಗೆ ಪುಡಿಪುಡಿಯಾಗುವ ಬಿಸ್ಕತ್ತು ಗಂಟಲಲ್ಲೇ ಚದುರಿ ಉಸಿರಿನ ದಾರಿ ಹಿಡಿಯುತ್ತದೆ. ಕಡಲೆಬೀಜ, ಬಟಾಣಿ, ಕಲ್ಲುಸಕ್ಕರೆಯನ್ನಂತೂ ಯಾವ ಎಳೆಮಗುವಿನ ಕೈಗೂ ಕೊಡಬಾರದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ತಪ್ಪು.

ಮಗು ತಿನ್ನುವಾಗ ಕೆಮ್ಮುವುದು, ಕಣ್ಣಲ್ಲಿ ನೀರು ಬರುವುದು, ತುಟಿ ನೀಲಿಯಾಗುವುದು, ತಿಂದ ಮೇಲೆ ದನಿ ಗೊರಗೊರ ಎನ್ನುವುದು, ಮತ್ತೆ ಮತ್ತೆ ಜ್ವರ, ಎದೆ ಕಫ ಬರುವುದು ಇವೆಲ್ಲ ಆಹಾರ ಉಸಿರಿನ ದಾರಿಗೆ ಹೋಗುತ್ತಿದೆ ಎನ್ನುವ ಸೂಚನೆ. ಕೆಲವು ಮಕ್ಕಳಲ್ಲಿ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಹೋಗುತ್ತದೆ. ಆಗ ಎಕ್ಸ್‌ರೇ ಯಂತ್ರದ ಕೆಳಗೆ ಮಗು ನುಂಗುವುದನ್ನೇ ಚಲನಚಿತ್ರದ ಹಾಗೆ ನೋಡುವ ಪರೀಕ್ಷೆ ಬೇಕಾಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಒಂದು: ಪೈಪಿನಲ್ಲಿ ಹಾಲು ಬಿಡುವಾಗ ಮಗುವನ್ನು ಮೂಲೆಯಲ್ಲಿ ಮಲಗಿಸಬೇಡಿ. ಮನೆಯವರು ಊಟಕ್ಕೆ ಕೂತಾಗಲೇ ತೊಡೆಯ ಮೇಲೆ ಕೂರಿಸಿಕೊಂಡು ಬಿಡಿ. ಸಾರಿನ ಒಗ್ಗರಣೆಯ ವಾಸನೆ, ಅಣ್ಣ ಅಕ್ಕ ಚಪ್ಪರಿಸುವ ಸದ್ದು ಮಗುವಿಗೆ ತಲುಪಲಿ.

ಎರಡು: ಬಾಯಲ್ಲಿ ತಿನ್ನದಿದ್ದರೂ ದಿನವೂ ಬಾಯಿ ಒರೆಸಿ ಚೊಕ್ಕಟ ಮಾಡಿ. ಕೆನ್ನೆ, ತುಟಿ, ವಸಡು ಮೆಲ್ಲಗೆ ಸವರಿ. ಮುಖ ಮುಟ್ಟಿದರೆ ನೋವಲ್ಲ, ಮುದ್ದು ಎಂದು ಅದಕ್ಕೆ ತಿಳಿಯಲಿ.

ಮೂರು: ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಬೆರಳ ತುದಿಯಷ್ಟು ರಾಗಿ ಸರಿ, ಬೇಳೆ ಕಟ್ಟು, ನುಣ್ಣಗೆ ಮಸೆದ ಬಾಳೆಹಣ್ಣು. ನೆಟ್ಟಗೆ ಕೂರಿಸಿ ಕೊಡಿ. ಮಲಗಿಸಿ ಕೊಡಬೇಡಿ, ನಿದ್ದೆಗಣ್ಣಲ್ಲಿ ಕೊಡಬೇಡಿ, ಅಳುವಾಗ ಕೊಡಬೇಡಿ.

ನಾಲ್ಕು: ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ. ಮಗು ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ಯಾವ ಆಹಾರ, ಯಾವ ಹೊತ್ತಿಗೆ ಎನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಎನ್ನುವುದು ಮಗುವಿನ ಕೆಲಸ.

ಐದು: ಪೈಪು ಅಕಸ್ಮಾತ್ ಕಿತ್ತುಬಂದರೆ ತರಬೇತಿ ಇಲ್ಲದೆ ಮತ್ತೆ ತುರುಕಬೇಡಿ. ಅದು ಶ್ವಾಸನಾಳಕ್ಕೆ ಹೋಗಿದ್ದರೆ ಹಾಲೂ ಅಲ್ಲಿಗೇ ಹೋಗುತ್ತದೆ. ಸೀದಾ ಆಸ್ಪತ್ರೆಗೆ ನಡೆಯಿರಿ.

ಎಲ್ಲಿಗೆ ಹೋಗಬೇಕು?

ಮೈಸೂರಿನವರು ಈ ವಿಷಯದಲ್ಲಿ ಪುಣ್ಯವಂತರು. ಮಾನಸಗಂಗೋತ್ರಿಯಲ್ಲಿ 1966ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಕಿವಿ, ಮಾತಿನ ಆಸ್ಪತ್ರೆ ಎಂದಷ್ಟೇ ಜನ ತಿಳಿದಿದ್ದಾರೆ. ಮಾತಾಡುವ ನಾಲಿಗೆಯೇ ನುಂಗುವ ನಾಲಿಗೆ ಅಲ್ಲವೇ? ನುಂಗುವ ತೊಂದರೆಗೂ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಬೇರೆ ಜಿಲ್ಲೆಯವರು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರವನ್ನು, ಅಂದರೆ ಡಿ.ಇ.ಐ.ಸಿ.ಯನ್ನು, ಜಿಲ್ಲಾಸ್ಪತ್ರೆಯಲ್ಲಿ ಕೇಳಬಹುದು. ದಾರಿ ಗೊತ್ತಾಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ ಎನ್ನುವುದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದರೆ ಈ ಕಲಿಕೆಗೆ ಒಂದು ದಿನ ಬಂದು ಹೋದರೆ ಸಾಲದು, ವಾರ ವಾರ ಬರಬೇಕು. ಕೂಲಿ ಬಿಟ್ಟು, ಹಿರಿಯ ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರುವವರ ಕಷ್ಟ ಸಣ್ಣದಲ್ಲ. ನುಂಗುವುದನ್ನು ಕಲಿಸಬಲ್ಲ ಒಬ್ಬ ತಜ್ಞರು ವಾರಕ್ಕೊಂದು ಗೊತ್ತಾದ ದಿನ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಬಂದು ಕೂರುವಂತಾದರೆ ಎಷ್ಟು ಮಕ್ಕಳ ಪೈಪು ಎಷ್ಟು ಬೇಗ ಬಿಟ್ಟೀತು! ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸಬೇಕು.

ನಮ್ಮ ಪಾಲಿನ ಕೆಲಸ

ಇಲಾಖೆ ಮಾಡುವುದು ಮಾಡಲಿ, ನಮ್ಮ ಕೈಲಿ ಇರುವುದೇನು? ಬಸ್ಸಿನಲ್ಲಿ ಪೈಪಿನ ಕೂಸು ಕಂಡರೆ ಎದ್ದು ಸೀಟು ಕೊಡಿ. ಹಾಲು ಬಿಡುವ ಹೊತ್ತಾದರೆ ಆಕೆ ಸಿರಿಂಜನ್ನು ಎತ್ತಿ ಹಿಡಿಯಬೇಕು, ಕೊಂಚ ಸರಿದು ಜಾಗ ಮಾಡಿ. ಡ್ರೈವರ್ ಸಾಹೇಬರು ಹಂಪ್ ಬಂದಾಗ ನಿಧಾನಿಸಲಿ. ಬಸ್ ನಿಲ್ದಾಣದ ಪಕ್ಕದ ಹೋಟೆಲಿನವರು, ಅಂಗಡಿಯವರು ಕುದಿಸಿ ಆರಿಸಿದ ಒಂದು ಲೋಟ ನೀರು, ಕೂರಲು ಒಂದು ಸ್ಟೂಲು ಕೊಟ್ಟರೆ ಅದೇ ದೊಡ್ಡ ಉಪಕಾರ. ತಿಂಡಿ ಕೊಡುವ ಮನಸ್ಸಾದರೆ ತಾಯಿಯ ಕೈಗೆ ಕೊಡಿ. ಮಗುವನ್ನು ನೋಡುತ್ತ ನೋಡುತ್ತ ಎಷ್ಟೋ ಸಲ ಉಣ್ಣುವುದನ್ನೇ ಮರೆತಿರುವವಳು ಆಕೆ.

ಬಾಯಿ ತೆರೆಯಲೇಬೇಕು ಅನ್ನಿಸಿದರೆ "ಕಿತ್ತಾಕವ್ವ" ಎನ್ನಬೇಡಿ. "ಎಷ್ಟು ತಿಂಗಳಮ್ಮ ಕೂಸಿಗೆ? ಹೆಸರೇನು?" ಎಂದು ಕೇಳಿ. ಬೇರೆ ಮಕ್ಕಳ ತಾಯಂದಿರನ್ನು ಎಲ್ಲರೂ ಕೇಳುವ ಮಾತು ಅದು. ಪೈಪಿನ ಕೂಸಿನ ತಾಯಿಯನ್ನು ಯಾರೂ ಕೇಳುವುದಿಲ್ಲ.

ಅವಳ ಕೂಸು ಇಂದಲ್ಲದಿದ್ದರೆ ಮುಂದಿನ ತಿಂಗಳು, ಬೆರಳ ತುದಿಯ ರಾಗಿ ಸರಿಯನ್ನು ನೆಕ್ಕಿ, ಮುಖ ಕಿವುಚಿ, ಮತ್ತೆ ಬಾಯಿ ತೆರೆದೀತು. ಆ ಒಂದು ಕ್ಷಣಕ್ಕಾಗಿಯೇ ಆಕೆ ವಾರ ವಾರ ಈ ಬಸ್ಸು ಹತ್ತುತ್ತಿರುವುದು.